ಅಪೂರ್ಣ ಪದವೀಧರರ ಸಂಪೂರ್ಣ ವಿವರ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಹೊಸಬರನ್ನು ಕರೆಯುವಾಗ ಹಾಕುವ ಷರತ್ತುಗಳಲ್ಲಿ ಎರಡು ಬಹುಮಟ್ಟಿಗೆ ಕಾಯಂ: ಹತ್ತನೆಯ ತರಗತಿಯಿಂದ ಪದವಿಯವರೆಗೆ ಉದ್ದಕ್ಕೂ ಶೇಕಡಾ 60 ಅಂಕಗಳಿರಬೇಕು, ಬ್ಯಾಕ್‌ಲಾಗ್, ಅಂದರೆ ಪಾಸಾಗದ ಪತ್ರಿಕೆ, ಒಂದೂ ಉಳಿದಿರಬಾರದು. ಎಂಟು ಸೆಮಿಸ್ಟರ್‌ಗಳ ಬಿ.ಇ.ಯಲ್ಲಿ ಏಳನ್ನು ದಾಟಿ, ಗಣಿತದ ಒಂದು ಪತ್ರಿಕೆಯಲ್ಲಿ ಸಿಕ್ಕಿಕೊಂಡು, ಮನೆಯ ಪರಿಸ್ಥಿತಿಯಿಂದಲೋ ಮನಸ್ಸಿನ ಪರಿಸ್ಥಿತಿಯಿಂದಲೋ ಕಾಲೇಜು ಬಿಟ್ಟ ಹುಡುಗನ ವಿದ್ಯಾರ್ಹತೆ ಏನೆಂದು ತೀರ್ಮಾನಿಸಲು ಈ ಕಂಪನಿಗಳು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಅವನು ಪಿಯುಸಿ. ಉಳಿದೆಲ್ಲ ಪತ್ರಿಕೆಗಳಲ್ಲಿ ಡಿಸ್ಟಿಂಕ್ಷನ್ ಬಂದಿದ್ದರೂ ಪಿಯುಸಿ. ಅವನ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಪಾಸಾದ ಗೆಳೆಯನೇ ಈಗ ಅವನ ಸಂದರ್ಶನಕ್ಕೆ ಕುಳಿತಿದ್ದರೂ ಪಿಯುಸಿ.

ರೆಸ್ಯೂಮೆಯಲ್ಲಿ ಅರ್ಧಕ್ಕೆ ನಿಂತ ಓದನ್ನು ಬರೆಯಬೇಕೆ, ಬಿಡಬೇಕೆ? ಎರಡಕ್ಕೂ ದಂಡವನ್ನು ನಮ್ಮ ನೇಮಕಾತಿ ಪದ್ಧತಿ ಮೊದಲೇ ಗೊತ್ತುಮಾಡಿ ಇಟ್ಟಿದೆ. ಬರೆಯದಿದ್ದರೆ ಪಿಯುಸಿ ಮುಗಿದ ವರ್ಷಕ್ಕೂ ಮೊದಲ ಕೆಲಸದ ವರ್ಷಕ್ಕೂ ನಡುವೆ ನಾಲ್ಕು ವರ್ಷಗಳ ಖಾಲಿ ಜಾಗ ಕಾಣುತ್ತದೆ, ಎಚ್‌ಆರ್ ಮೇಡಂ ಅದರ ಮೇಲೆ ಬೆರಳಿಟ್ಟು “ಈ ಗ್ಯಾಪ್‌ನಲ್ಲಿ ಏನ್ ಮಾಡ್ತಾ ಇದ್ರಿ?” ಎಂದು ಕೇಳುತ್ತಾರೆ. “ಓದ್ತಾ ಇದ್ದೆ ಮೇಡಂ” ಎಂದರೆ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ಬರೆದರೋ, ಹಿಡಿದ ಕೆಲಸವನ್ನು ಮುಗಿಸುವ ಅಭ್ಯಾಸ ಇವರಿಗಿಲ್ಲ ಎಂಬ ಷರಾ ಬೀಳುತ್ತದೆ. ಈ ಷರಾ ಬರೆಯುವವರು 2017ರಲ್ಲಿ ಶುರುವಾಗಿ ವರ್ಷಗಟ್ಟಲೆ ಕಂಬಗಳಾಗಿಯೇ ನಿಂತಿದ್ದ ಈಜಿಪುರ ಮೇಲ್ಸೇತುವೆಯ ಅಕ್ಕಪಕ್ಕದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಳೆದು ಆಫೀಸಿಗೆ ಬಂದವರಾಗಿದ್ದರೂ, ಆ ಕಾಮಗಾರಿಯ ಗುತ್ತಿಗೆಗೆ ಯಾರೂ ಶೇಕಡಾ 60ರ ಷರತ್ತು ಹಾಕಿರಲಿಲ್ಲ ಎಂಬುದು ಅವರ ಮನಸ್ಸಿಗೆ ಬರುವುದಿಲ್ಲ.

ಹಾಗಾಗಿ ಬುದ್ಧಿವಂತರು ಮಧ್ಯಮಾರ್ಗ ಹುಡುಕಿಕೊಂಡಿದ್ದಾರೆ. ‘ಬಿ.ಇ. (ಪರ್ಸ್ಯೂಯಿಂಗ್)’ ಎಂದು ಬರೆದವನ ವಯಸ್ಸು 34 ಆಗಿರಬಹುದು. ನಾಲ್ಕು ವರ್ಷದ ಕೋರ್ಸನ್ನು ಮುಗಿಸಲು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕೊಡುವ ಗರಿಷ್ಠ ಅವಧಿ ಎಂಟು ವರ್ಷವಾದರೂ, ರೆಸ್ಯೂಮೆ ಕೊಡುವ ಅವಧಿಗೆ ಮಿತಿಯಿಲ್ಲ. ‘ಕೋರ್ಸ್ ಕಂಪ್ಲೀಟೆಡ್’ ಎಂದರೆ ತರಗತಿಗಳು ಮುಗಿದಿವೆ, ಪರೀಕ್ಷೆಯ ವಿಷಯ ಕೇಳಬೇಡಿ ಎಂದರ್ಥ. ‘ರಿಸಲ್ಟ್ ಅವೇಟೆಡ್’ ಎಂಬುದಂತೂ ತತ್ತ್ವಜ್ಞಾನದ ಮಟ್ಟಕ್ಕೆ ಏರಿದ ಸ್ಥಿತಿ. ಬ್ರಿಟಿಷರ ಕಾಲದಲ್ಲಿ ಇಷ್ಟು ನಾಜೂಕು ಬೇಕಿರಲಿಲ್ಲ: ಹೆಸರಿನ ಮುಂದೆ ‘ಬಿ.ಎ. (ಫೇಲ್)’ ಎಂದು ಧೈರ್ಯವಾಗಿ ಬರೆದುಕೊಳ್ಳುವವರಿದ್ದರು, ಏಕೆಂದರೆ ಬಿ.ಎ.ಯಲ್ಲಿ ಫೇಲಾಗಬೇಕಾದರೆ ಅದಕ್ಕೆ ಮೊದಲು ಮೆಟ್ರಿಕ್ಯುಲೇಷನ್ನು, ಇಂಟರ್‌ಮೀಡಿಯಟ್ಟು ಎರಡನ್ನೂ ಪಾಸು ಮಾಡಿರಬೇಕಿತ್ತು. ಫೇಲಾದದ್ದರಲ್ಲೂ ಒಂದು ಅರ್ಹತೆಯಿದೆ ಎಂಬಷ್ಟು ವಿವೇಕ ಆಗಿನ ಗುಮಾಸ್ತಗಿರಿಗೂ ಇತ್ತು.

ಅಪೂರ್ಣತೆಗೆ ಬೆಲೆಯೇ ಇಲ್ಲವೆಂದೇನಲ್ಲ. ಬೆಲೆ ಕಟ್ಟಲು ಮೊದಲು ಕಂಪನಿ ಕಟ್ಟಿರಬೇಕು, ಅಷ್ಟೆ. 2007ರಲ್ಲಿ ಅಮೆರಿಕದ ಕೇಂಬ್ರಿಡ್ಜ್ ಎಂಬ ಒಂದೇ ಊರಿನಲ್ಲಿ, ಎರಡು ತಿಂಗಳೊಳಗೆ, ಎರಡು ಘಟನೆಗಳು ನಡೆದವು. ಏಪ್ರಿಲ್‌ನಲ್ಲಿ ಎಂಐಟಿಯ ಪ್ರವೇಶ ವಿಭಾಗದ ಡೀನ್ ಮ್ಯಾರಿಲೀ ಜೋನ್ಸ್, ಇಪ್ಪತ್ತೆಂಟು ವರ್ಷಗಳ ಹಿಂದೆ ಕೆಲಸಕ್ಕೆ ಸೇರುವಾಗ ತಾವು ಪಡೆಯದ ಪದವಿಗಳನ್ನು ರೆಸ್ಯೂಮೆಯಲ್ಲಿ ಪಡೆದಂತೆ ತೋರಿಸಿದ್ದು ಬಯಲಾಗಿ ರಾಜೀನಾಮೆ ಕೊಟ್ಟರು. ಜೂನ್‌ನಲ್ಲಿ ಪಕ್ಕದ ಹಾರ್ವರ್ಡ್ ವಿಶ್ವವಿದ್ಯಾಲಯ, ತನ್ನಲ್ಲಿ ಓದನ್ನು ಮುಗಿಸದೆ ಹೋಗಿದ್ದ ಬಿಲ್ ಗೇಟ್ಸ್ ಅವರನ್ನು ಕರೆಸಿ ಗೌರವ ಡಾಕ್ಟರೇಟ್ ಕೊಟ್ಟಿತು. ಮುಂದಿನ ವರ್ಷ ಕೆಲಸ ಬದಲಿಸುವವನಿದ್ದೇನೆ, ರೆಸ್ಯೂಮೆಯಲ್ಲಿ ಕೊನೆಗೂ ಒಂದು ಪದವಿ ಇರುವುದು ಒಳ್ಳೆಯದೇ ಆಯಿತು ಎಂದು ಅವರು ಅದೇ ವೇದಿಕೆಯಲ್ಲಿ ನಗೆಯಾಡಿದರು. ಸುಳ್ಳು ಬರೆದವರು ಹೋಗಬೇಕಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮಿಕ್ಕವರಿಗೆ ಸಿಕ್ಕ ಉಪದೇಶ ಗಮನಾರ್ಹ: ಪದವಿ ಇಲ್ಲದ ಕೊರತೆಯನ್ನು ಇಪ್ಪತ್ತೆಂಟು ವರ್ಷ ಚೆನ್ನಾಗಿ ಕೆಲಸ ಮಾಡಿ ತುಂಬಲಾಗದು, ಶ್ರೀಮಂತರಾಗಿ ತುಂಬಬಹುದು. 2011ರಿಂದ ಪೀಟರ್ ಥೀಲ್ ಎಂಬ ಹೂಡಿಕೆದಾರರ ಪ್ರತಿಷ್ಠಾನ, ಕಾಲೇಜು ಬಿಟ್ಟು ಸ್ವಂತದ್ದೇನಾದರೂ ಕಟ್ಟಲು ಹೊರಡುವ ತರುಣರಿಗೆ ಲಕ್ಷ ಡಾಲರ್ ಕೊಡತೊಡಗಿತು. ಕೋರಮಂಗಲದ ನವೋದ್ಯಮಿಗಳು ಪ್ರೊಫೈಲಿನಲ್ಲಿ ‘ಡ್ರಾಪ್‌ಔಟ್’ ಎಂದು ಪದಕದಂತೆ ಧರಿಸುವುದು ಈ ಧರ್ಮದ ಪ್ರಕಾರವೇ. ಅದೇ ನವೋದ್ಯಮಿ ತನ್ನ ಕಂಪನಿಗೆ ಟೆಸ್ಟರ್ ಬೇಕೆಂದು ಕೊಡುವ ಜಾಹೀರಾತಿನಲ್ಲಿ ಮೊದಲ ಸಾಲು: ಬಿ.ಇ. ಅಥವಾ ಬಿ.ಟೆಕ್. ಕಡ್ಡಾಯ.

ಪದವಿಯ ಪ್ರಶ್ನೆಯೇ ಏಳದ ಇನ್ನೊಂದು ಉದ್ಯೋಗ ನಮ್ಮಲ್ಲಿದೆ. ಲೋಕಸಭೆಗಾಗಲಿ ವಿಧಾನಸಭೆಗಾಗಲಿ ಸ್ಪರ್ಧಿಸಲು ಕನಿಷ್ಠ ವಿದ್ಯಾರ್ಹತೆ ಇಲ್ಲ. ಇರಬೇಕೆಂದು ನಾನೂ ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ 2002ರ ತೀರ್ಪಿನ ನಂತರ ಎಷ್ಟು ಓದಿದ್ದೇವೆಂದು ಅಭ್ಯರ್ಥಿಗಳು ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆಯಲೇಬೇಕಾಗಿರುವುದರಿಂದ, ಅದು ಈ ದೇಶದ ಅತ್ಯಂತ ಸಾರ್ವಜನಿಕ ರೆಸ್ಯೂಮೆಯಾಗಿದೆ. 2014ರಿಂದ 2016ರವರೆಗೆ ದೇಶದ ಶಿಕ್ಷಣದ ಹೊಣೆ ಹೊತ್ತಿದ್ದ ಸ್ಮೃತಿ ಇರಾನಿ ಅವರು, ವಿದ್ಯಾರ್ಹತೆಯ ವಿವಾದವನ್ನೆಲ್ಲ ದಾಟಿ ಬಂದು, 2019ರ ಪ್ರಮಾಣಪತ್ರದಲ್ಲಿ ಬಿ.ಕಾಂ. ಪದವಿ ಪೂರ್ಣಗೊಂಡಿಲ್ಲ ಎಂದು ಬರೆದು ಗೆದ್ದರು. 2018ರಲ್ಲಿ ಕರ್ನಾಟಕದ ಉನ್ನತ ಶಿಕ್ಷಣ ಖಾತೆ ಎಂಟನೆಯ ತರಗತಿಯವರೆಗೆ ಓದಿದ್ದ ಜಿ.ಟಿ. ದೇವೇಗೌಡರ ಪಾಲಿಗೆ ಬಂತು. ಆ ಖಾತೆಯ ಸಚಿವರು ರಾಜ್ಯದ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳೂ ಆಗಿರುತ್ತಾರೆ. ಎಂಟನೆಯ ತರಗತಿಯನ್ನು ಎಂಟನೆಯ ತರಗತಿಯೆಂದೇ ಹೇಳಿದ ಅವರ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಅವರ ಅಧೀನದ ಯಾವುದೇ ವಿಶ್ವವಿದ್ಯಾಲಯದಲ್ಲಿ ದ್ವಿತೀಯ ದರ್ಜೆ ಸಹಾಯಕನ ಹುದ್ದೆಗೆ ಇದೇ ಪ್ರಾಮಾಣಿಕತೆಯಿಂದ ಅರ್ಜಿ ಹಾಕಿದವನಿಗೆ ಸ್ವೀಕೃತಿ ಪತ್ರವೂ ಬರುತ್ತಿರಲಿಲ್ಲ.

ಸರ್ಕಾರಕ್ಕೆ ಇದೆಲ್ಲ ತಿಳಿಯದೆ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಅವಮಾನವನ್ನು ಒಂದೇ ಏಟಿಗೆ ರದ್ದುಗೊಳಿಸಿತು: ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಗಳಿಸಿದ ಕ್ರೆಡಿಟ್‌ಗಳನ್ನು ಏಳು ವರ್ಷದವರೆಗೆ ಠೇವಣಿ ಇಡಲು ಒಂದು ಬ್ಯಾಂಕನ್ನೂ ತೆರೆಯಲಾಯಿತು. ಕಾಲೇಜು ಬಿಟ್ಟವರ ಸಮಸ್ಯೆಯನ್ನು ಬಗೆಹರಿಸಲು ಬಿಟ್ಟುಹೋಗುವ ಬಾಗಿಲುಗಳಿಗೆಲ್ಲ ನಾಮಫಲಕ ಹಾಕುವುದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಈ ನಾಲ್ಕು ವರ್ಷದ ಕೋರ್ಸಿಗೆ ದೇಶದಲ್ಲೇ ಮೊದಲಿಗನಾಗಿ 2021ರಲ್ಲಿ ಸೇರಿಕೊಂಡದ್ದು ಕರ್ನಾಟಕ. 2024ರಲ್ಲಿ, ಸರ್ಕಾರ ಬದಲಾದ ಮೇಲೆ, ರಾಜ್ಯವು ನಾಲ್ಕು ವರ್ಷದ ಪದವಿ ಬೇಡವೆಂದು ಮೂರು ವರ್ಷದ ಹಳೆಯ ಪದ್ಧತಿಗೆ ಮರಳಿತು. ಹೀಗೆ ಕರ್ನಾಟಕ ಸರ್ಕಾರದ ರೆಸ್ಯೂಮೆಯಲ್ಲೂ ಈಗ ಮಧ್ಯದಲ್ಲಿ ಬಿಟ್ಟ ಕೋರ್ಸೊಂದಿದೆ. ಅದನ್ನು ಅಲ್ಲಿ ಬರೆಯಬೇಕೋ ಬಿಡಬೇಕೋ ಎಂದು ಯಾರೂ ಕೇಳಿದಂತಿಲ್ಲ. ಎಚ್‌ಆರ್ ಮೇಡಂ ಕೂಡ ಕೇಳಲಾರರು.

ನಮ್ಮ ಹುಡುಗ ಕೊನೆಗೆ ಸತ್ಯವನ್ನೇ ಬರೆಯಲು ನಿರ್ಧರಿಸಿದನೆಂದು ಇಟ್ಟುಕೊಳ್ಳೋಣ. ಅದಕ್ಕೂ ದಾಖಲೆ ಬೇಕು, ಮತ್ತು ಅವನ ಎಸ್ಸೆಸ್ಸೆಲ್ಸಿ, ಪಿಯುಸಿಗಳ ಮೂಲ ಅಂಕಪಟ್ಟಿಗಳು ಕಾಲೇಜಿನ ಬೀರುವಿನಲ್ಲಿವೆ. ಮೂಲ ದಾಖಲೆಗಳನ್ನು ಹಾಗೆ ಇಟ್ಟುಕೊಳ್ಳಕೂಡದೆಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ, ಅದರ ಪ್ರತಿಯೂ ಪ್ರಾಯಶಃ ಅದೇ ಬೀರುವಿನಲ್ಲಿ ಭದ್ರವಾಗಿರಬಹುದು. ಮಧ್ಯದಲ್ಲಿ ಬಿಡುವವರು ಉಳಿದ ಸೆಮಿಸ್ಟರ್‌ಗಳ ಶುಲ್ಕವನ್ನೂ ಕಟ್ಟಬೇಕು, ಸೀಟು ಖಾಲಿ ಹೋಗುತ್ತದಲ್ಲ, ಎಂದು ಕೌಂಟರಿನಲ್ಲಿ ಸಮಾಧಾನವಾಗಿ ವಿವರಿಸುತ್ತಾರೆ. ಅಪ್ಪ ಸಾಲ ಮಾಡಿ, ಓದದ ಸೆಮಿಸ್ಟರಿನ ಪ್ರಯೋಗಾಲಯ ಶುಲ್ಕವನ್ನೂ ಸೇರಿಸಿ ಕಟ್ಟುತ್ತಾರೆ. ಹಿಂದಿರುಗಿ ಬಂದ ಅಂಕಪಟ್ಟಿಗಳ ಜೊತೆಗೆ ಒಂದು ರಸೀದಿಯೂ ಸಿಗುತ್ತದೆ, ಅದರಲ್ಲಿ ಬಿ.ಇ. ಎಂಟೂ ಸೆಮಿಸ್ಟರ್‌ಗಳ ಬಾಬ್ತು ಪೂರ್ಣ ಸಂದಾಯ, ಬಾಕಿ ಇಲ್ಲ ಎಂದು ಮೊಹರು ಸಹಿತ ಬರೆದಿರುತ್ತದೆ. ಹಿನ್ನೆಲೆ ಪರಿಶೀಲನೆಯವರು ಬಂದಾಗ ತೋರಿಸಲು ಅವನ ಬಳಿ ಸದ್ಯಕ್ಕೆ ಇರುವ ಪದವಿ ಅದೊಂದೇ.