ರಂಗಮಂದಿರದ ಬೀಗದ ಕೈ

ಮನೆ ಕಂದಾಯ ಕಟ್ಟಲು ಪುರಸಭೆಗೆ ಹೋಗಿದ್ದೆ. ಸರ್ವರ್ ಡೌನ್. ಬೆಂಚಿನ ಮೇಲೆ ಕೂತು ಸುಮ್ನೆ ಹೋದ ವರ್ಷದ ರಸೀದಿ ಓದತೊಡಗಿದೆ. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3. ಅಂದರೆ ತೆರಿಗೆ 2,000 ರೂಪಾಯಿ ಆದರೆ ಪುಸ್ತಕಕ್ಕೆ 120, ಭಿಕ್ಷುಕರ ಪುನರ್ವಸತಿಗೆ 60. ನಾಟಕ, ಸಂಗೀತ ಅಂತ ಒಂದು ಸಾಲೂ ಇಲ್ಲ. ಜೊತೆಗಿದ್ದ ನಮ್ಮ ತಂಡದ ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಇದೆಯಲ್ಲಮ್ಮ, ಮೂರನೇ ಸಾಲು. ಅದು ನಮ್ಮದೇ" ಅಂದರು.

ಇಬ್ಬರೂ ನಕ್ಕೆವು. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ನಮ್ಮದು ಹವ್ಯಾಸಿ ತಂಡ, ತಾಲ್ಲೂಕು ಕೇಂದ್ರದ್ದು. ಒಬ್ಬರಿಗೆ ಕಿರಾಣಿ ಅಂಗಡಿ, ಇಬ್ಬರು ಬ್ಯಾಂಕಿನವರು, ನಾನು ಹೈಸ್ಕೂಲ್ ಟೀಚರ್. ವರ್ಷಕ್ಕೆ ಎರಡು ನಾಟಕ ಮಾಡುತ್ತೇವೆ. ಊರಿನಲ್ಲಿ ಪುರಸಭೆಯ ರಂಗಮಂದಿರ ಇದೆ, ಇಲ್ಲ ಅಂತಲ್ಲ. ಉದ್ಘಾಟನೆಯ ಕಲ್ಲಿನ ಮೇಲೆ ಹದಿನೇಳು ಹೆಸರಿವೆ, ಒಂದು ದಿನ ಬೇಜಾರಿಗೆ ಎಣಿಸಿದ್ದೆ. ಒಳಗೆ ಹೋದರೆ ವೇದಿಕೆಗೆ ಹೊಳೆಯುವ ಟೈಲ್ಸ್. ಬರಿಗಾಲಲ್ಲಿ ಕುಣಿದರೆ ಜಾರುತ್ತದೆ. ಲೈಟ್ ಕಟ್ಟೋಣ ಅಂದರೆ ಮೇಲೆ ಒಂದು ಪೈಪ್ ಇಲ್ಲ. ಗ್ರೀನ್ ರೂಮಿನಲ್ಲಿ ಟಾಯ್ಲೆಟ್ ಇದೆ, ನೀರಿಲ್ಲ. ಮುಖಕ್ಕೆ ಬಣ್ಣ ಹಚ್ಚಿ, ಕಚ್ಚೆ ಸೀರೆ ಉಟ್ಟು, ರಸ್ತೆ ದಾಟಿ ಎದುರಿನ ಹೋಟೆಲಿಗೆ ಓಡುವ ಕಷ್ಟ ಹೆಣ್ಣುಮಕ್ಕಳಿಗೇ ಗೊತ್ತು. ಬಾಡಿಗೆ ಮಾತ್ರ ಮದುವೆ ರೇಟು. ಯಾಕೆಂದರೆ ಅಲ್ಲಿ ಜಾಸ್ತಿ ನಡೆಯುವುದು ಮದುವೆಯೇ.

ಹೋದ ವರ್ಷ ಒಂದು ತಿಂಗಳು ಮೊದಲೇ ಬುಕ್ ಮಾಡಿ ಅಡ್ವಾನ್ಸ್ ಕಟ್ಟಿದ್ದೆವು. ಕರಪತ್ರ ಹಂಚಿ ಆಗಿತ್ತು. ಹಿಂದಿನ ಸಂಜೆ ಫೋನ್ ಬಂತು. "ಮೇಡಂ, ನಾಳೆ ಹಾಲ್ ಸಿಗಲ್ಲ, ಮೀಟಿಂಗ್ ಬಂದಿದೆ. ನಾಟಕ ಇನ್ನೊಂದಿನ ಇಟ್ಕೊಳ್ಳಿ."

ಇನ್ನೊಂದಿನ ಅಂದರೆ ಬಾಡಿಗೆ ಲೈಟು, ಪಕ್ಕದೂರಿನ ತಬಲದವರು, ಹನ್ನೊಂದು ಜನರ ರಜೆ ಎಲ್ಲ ಮತ್ತೆ ಕೂಡಿಬರಬೇಕು. ಕೊನೆಗೆ ಗೆಳತಿಯ ಮನೆಯ ಅಡಿಕೆ ಅಂಗಳದಲ್ಲಿ ಆಡಿದೆವು. ನೂರಿಪ್ಪತ್ತು ಜನ ಬಂದಿದ್ದರು. ಮಾರನೇ ದಿನ ಗೊತ್ತಾಯಿತು, ಆ ಮೀಟಿಂಗೂ ಮುಂದಕ್ಕೆ ಹೋಗಿತ್ತಂತೆ. ರಂಗಮಂದಿರಕ್ಕೆ ಇಡೀ ದಿನ ಬೀಗ.

ಆ ಬೀಗದ ಕೈ ಇರುವುದು ನೀರುಗಂಟಿ ಹತ್ತಿರ. ರಂಗಮಂದಿರ ನೋಡಿಕೊಳ್ಳಲು ಅಂತ ಒಂದು ಹುದ್ದೆಯೇ ಇಲ್ಲ. ರಿಹರ್ಸಲ್ ಇದ್ದರೆ ಅವರು ಮೂರು ಬಡಾವಣೆಗೆ ನೀರು ಬಿಟ್ಟು ಬರುವವರೆಗೆ ನಾವು ಮೆಟ್ಟಿಲ ಮೇಲೆ ಕೂತು ಡೈಲಾಗ್ ಹೇಳಿಕೊಳ್ಳುತ್ತೇವೆ. ಪಾಪ, ಅವರದೇನೂ ತಪ್ಪಿಲ್ಲ. ಕಟ್ಟಡಕ್ಕೆ ಹಣ ಬರುತ್ತದೆ, ಟೆಂಡರ್ ಇರುತ್ತದಲ್ಲ. ಬಾಗಿಲು ತೆಗೆಯುವ ಮನುಷ್ಯನಿಗೆ ಸಂಬಳ ಕೊಡುವುದರಲ್ಲಿ ಟೆಂಡರ್ ಎಲ್ಲಿಂದ ಬರಬೇಕು?

ಪುರಸಭೆಯವರನ್ನು ಕೇಳಿದರೆ, ಕಲೆ ನಮ್ಮ ಕೆಲಸವಲ್ಲ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯದು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 1992ರ ತಿದ್ದುಪಡಿಗಳಲ್ಲಿ ಸಂವಿಧಾನಕ್ಕೆ ಎರಡು ಪಟ್ಟಿ ಸೇರಿದವು. ಪಂಚಾಯಿತಿಗಳ ಪಟ್ಟಿಯಲ್ಲಿ 29 ವಿಷಯ, ಅದರಲ್ಲಿ 21ನೆಯದು ಸಾಂಸ್ಕೃತಿಕ ಚಟುವಟಿಕೆ. ನಗರದ ಸ್ಥಳೀಯ ಸಂಸ್ಥೆಗಳ ಪಟ್ಟಿಯಲ್ಲಿ 18, ಅದರಲ್ಲಿ 13ನೆಯದು ಸಂಸ್ಕೃತಿ, ಶಿಕ್ಷಣ, ಸೌಂದರ್ಯಕ್ಕೆ ಉತ್ತೇಜನ. ಮೂವತ್ತು ವರ್ಷ ದಾಟಿದರೂ ಅದು ನಮ್ಮ ಊರು ತಲುಪಿಲ್ಲ. ಸರ್ಕಾರದ ನಾಟಕ ಸಂಸ್ಥೆ ರಂಗಾಯಣ 1989ರಲ್ಲಿ ಮೈಸೂರಿನಲ್ಲಿ ಶುರುವಾಯಿತು, ಆಮೇಲೆ ಧಾರವಾಡ, ಶಿವಮೊಗ್ಗ, ಕಲಬುರಗಿಗೂ ಬಂತು. ಒಳ್ಳೆಯದೇ. ಆದರೆ ಅಲ್ಲಿಂದ ಕೆಳಗೆ, ತಾಲ್ಲೂಕಿನಲ್ಲಿ ಯಾರ ಮೇಜಿನ ಮುಂದೆ ನಿಲ್ಲಬೇಕು ಅಂತ ಕೇಳಿದರೆ ಉತ್ತರವಿಲ್ಲ.

ಹಾಗಂತ ಹೊಸ ಸೆಸ್ ಹಾಕಿ ಅನ್ನುತ್ತಿಲ್ಲ, ದಯವಿಟ್ಟು ಬೈಯಬೇಡಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಸೆಸ್ಸನ್ನೇ ಎಷ್ಟೋ ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿ ಗ್ರಂಥಾಲಯಕ್ಕೆ ಪೂರ್ತಿ ಕೊಡದೆ ಉಳಿಸಿಕೊಂಡಿವೆ. ಆದರೂ ಅಲ್ಲಿ ಒಂದು ಅನುಕೂಲ ಇದೆ. ರಸೀದಿಯಲ್ಲಿ ಸಾಲು ಇರುವುದರಿಂದ "ಬಾಕಿ ಎಷ್ಟು" ಅಂತ ಕೇಳಬಹುದು. ನಾವು ಏನಂತ ಕೇಳುವುದು?

ಉತ್ಸವಗಳಿಗೆ ಹಣ ಕೊಡ್ತಾರಲ್ಲ ಅನ್ನಬಹುದು. ಕೊಡುತ್ತಾರೆ. ದೊಡ್ಡ ವೇದಿಕೆ, ಸಿನಿಮಾ ಗಾಯಕರು, ಎಲ್‌ಇಡಿ ಪರದೆ. ಸ್ಥಳೀಯ ಕಲಾವಿದರಿಗೂ ಅವಕಾಶ ಇರುತ್ತದೆ, ಮಧ್ಯಾಹ್ನ ಮೂರೂವರೆಗೆ, ಹದಿನೈದು ನಿಮಿಷ, ಎದುರಿಗೆ ಬಿಸಿಲಲ್ಲಿ ಕಾದ ಖಾಲಿ ಕುರ್ಚಿಗಳು. ನಮ್ಮ ಡೊಳ್ಳಿನ ಹುಡುಗರು ಒಮ್ಮೆ ಹಾಗೆ ಬಾರಿಸಿ ಬಂದು ಸಂಭಾವನೆಗೆ ಏಳು ತಿಂಗಳು ಅಲೆದರು. ಒಂದು ರಾತ್ರಿಯ ಉತ್ಸವದಿಂದ ಊರಿಗೆ ಒಬ್ಬ ಹೊಸ ಕಲಾವಿದ ಹುಟ್ಟಿದ್ದನ್ನು ನಾನಂತೂ ನೋಡಿಲ್ಲ. ವಾರಕ್ಕೆ ಎರಡು ಸಂಜೆ ತೆರೆದಿರುವ ಒಂದು ಕೋಣೆಯಿಂದ ಹುಟ್ಟುತ್ತಾರೆ.

ಹೆಗ್ಗೋಡು ನೋಡಿ. 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾಗಿದ್ದು ಈ ಹಳ್ಳಿಯಲ್ಲಿ. 1985ರಿಂದ ಅವರ 'ತಿರುಗಾಟ' ತಂಡ ಊರೂರು ಸುತ್ತುತ್ತಿದೆ. ಸಾಣೇಹಳ್ಳಿಯ 'ಶಿವಸಂಚಾರ' ತಂಡವೂ ಹಾಗೇ. ಇಂಥ ತಂಡಗಳು ಸೆಟ್ಟು, ನಟರು, ನಾಟಕ ಎಲ್ಲ ಹೊತ್ತು ಬಾಗಿಲಿಗೇ ಬರುತ್ತವೆ. ಕರೆಸಿಕೊಳ್ಳುವ ಊರು ಕೊಡಬೇಕಾದ್ದು ಒಂದು ವೇದಿಕೆ, ಸರಿಯಾದ ಕರೆಂಟು, ಮಲಗಲು ಜಾಗ. ಅಷ್ಟೂ ನಮ್ಮ ಕೈಲಾಗದೆ ಎಷ್ಟೋ ಸಲ "ಮುಂದಿನ ವರ್ಷ ನೋಡೋಣ" ಅಂದಿದ್ದೇವೆ. ಅತ್ತ ಕೇರಳದಲ್ಲಿ ಯುವ ಕಲಾವಿದರಿಗೆ ಫೆಲೋಶಿಪ್ ಕೊಟ್ಟು, ಸ್ಥಳೀಯ ಸಂಸ್ಥೆಗಳ ಜೊತೆ ಸೇರಿ ಅವರಿಂದ ಊರಿನವರಿಗೆ ಕಲೆ ಹೇಳಿಕೊಡಿಸುತ್ತಾರೆ. ಕೇಳಿದಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

"ಚರಂಡಿ ಹೂಳೆತ್ತೋಕೇ ದುಡ್ಡಿಲ್ಲ, ನಿಮ್ಮ ನಾಟಕಕ್ಕೆ ಕೊಡ್ತಾರಾ" ಅಂತ ಪಕ್ಕದ ಮನೆ ಅಣ್ಣ ಕೇಳಿದರು. ನ್ಯಾಯವಾದ ಪ್ರಶ್ನೆ. ಪೌರಕಾರ್ಮಿಕರ ಸಂಬಳ ಮೊದಲು, ನಾಟಕ ಆಮೇಲೆ. ತಂಡಗಳ ಕೈಗೆ ನಗದು ಕೊಡಿ ಅಂತಲೂ ನಾನು ಕೇಳುವುದಿಲ್ಲ. ಕೊಟ್ಟರೆ ಪುರಸಭೆ ಸದಸ್ಯರ ಕಡೆಯವರದೇ ಹತ್ತು ತಂಡ ರಾತ್ರೋರಾತ್ರಿ ಹುಟ್ಟಿಕೊಳ್ಳುತ್ತವೆ. ನಾಟಕದ ಖರ್ಚು ನಾವು ಟಿಕೆಟ್ ಮಾರಿ ಹೇಗೋ ನೋಡಿಕೊಳ್ಳುತ್ತೇವೆ. ನನಗೆ ಬೇಕಾದ್ದು ಇಷ್ಟೇ. ತಿಂಗಳಿಗೆ ನಾಲ್ಕು ದಿನ ರಂಗಮಂದಿರವನ್ನು ಊರಿನ ಕಲಾವಿದರಿಗೆ ಕಡಿಮೆ ಬಾಡಿಗೆಗೆ ಬಿಡಲಿ, ಬುಕ್ ಆದ ದಿನ ಯಾರು ಬಂದರೂ ಕದಲಿಸಬಾರದು. ಬೀಗದ ಕೈಗೆ ಒಬ್ಬ ಮನುಷ್ಯ, ಟಾಯ್ಲೆಟ್ಟಿಗೆ ನೀರು. ಈ ಖರ್ಚಿಗೆ ಬಜೆಟ್ಟಿನಲ್ಲಿ ಒಂದು ಸಾಲು. ಮೊತ್ತ ಎಷ್ಟು ಚಿಕ್ಕದಿದ್ದರೂ ಸರಿ.

ಮೊನ್ನೆ ಇದನ್ನೇ ಬರೆದು ಅರ್ಜಿ ಕೊಟ್ಟೆ. ಗುಮಾಸ್ತರು ಓದಿ, ಯಾವ ವಿಭಾಗಕ್ಕೆ ಹಾಕಬೇಕು ಅಂತ ಸ್ವಲ್ಪ ಹೊತ್ತು ಯೋಚಿಸಿದರು. ಆರೋಗ್ಯ ಅಲ್ಲ, ಕಂದಾಯ ಅಲ್ಲ, ಇಂಜಿನಿಯರಿಂಗ್ ಅಲ್ಲ. ಕೊನೆಗೆ ರಿಜಿಸ್ಟರಿನಲ್ಲಿ 'ಇತರೆ' ಅಂತ ಬರೆದು ಸೀಲ್ ಹಾಕಿ ಕೊಟ್ಟರು.

ಬಜೆಟ್ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನೂ ಕರೆಯುತ್ತಾರೆ. ಹೋದ ಸಲ ನಾಟಕದವರ ಪರವಾಗಿ ನಾನೊಬ್ಬಳೇ ಇದ್ದೆ, ನನ್ನ ಸರದಿ ಬರುವಷ್ಟರಲ್ಲಿ ಊಟಕ್ಕೆ ಎದ್ದರು. ಈ ಸಲ ಡೊಳ್ಳಿನವರು, ಭಜನೆಯವರು, ಯಕ್ಷಗಾನದ ಹುಡುಗರು ಎಲ್ಲ ಬರುತ್ತೇವೆ ಅಂದಿದ್ದಾರೆ. ನೀವೂ ಬರುವುದಾದರೆ ಒಂದು ಫೋನ್ ಮಾಡಿ, ಒಟ್ಟಿಗೇ ಹೋಗೋಣ. ಡೊಳ್ಳು ತರಬಹುದಾ ಅಂತ ಹುಡುಗರು ಕೇಳುತ್ತಿದ್ದಾರೆ. ನಾನಿನ್ನೂ ಬೇಡ ಅಂದಿಲ್ಲ.