ಡಬ್ಬಿಯಲ್ಲಿ ಬಿತ್ತಿದ ರಾಗಿ, ನಮ್ಮ ಮನೆಯ ಪಾಠ

ನಮ್ಮ ಮಗಳಿಗೆ ಐದು ವರ್ಷ ತುಂಬಿ ಏಳು ತಿಂಗಳಾಯಿತು. ಅವಳು ಈಗ ಶಾಲೆಗೆ ಹೋಗುತ್ತಿಲ್ಲ, ಮನೆಯಲ್ಲೇ ಕಲಿಯುತ್ತಿದ್ದಾಳೆ. ಶಿಡ್ಲಘಟ್ಟದ ನಮ್ಮ ಬೀದಿಯವರೂ, ಭಾನುವಾರ ಚರ್ಚಿನ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರೂ, "ಹೀಗಾದರೆ ಮಗು ಹಿಂದೆ ಬೀಳಲ್ವೇನಮ್ಮಾ?" ಎಂದು ಕೇಳುತ್ತಾರೆ. ಕಾಳಜಿಯಿಂದ ಕೇಳುವವರಿಗೆ ನಿಂತ ನಿಲುವಿನಲ್ಲಿ ಉತ್ತರಿಸುವುದು ಸರಿಯಲ್ಲವೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕನೆಯ ವಯಸ್ಸಿನಲ್ಲಿ ಅವಳನ್ನು ಒಂದು ಶಾಲೆಗೆ ಸೇರಿಸಿದ್ದೆವು. ದಿನವೂ ಎರಡು ಪುಟ ಅಕ್ಷರ ಬರೆಯಬೇಕಿತ್ತು. ರಾತ್ರಿ ಊಟಕ್ಕೆ ಕೂತಾಗ ಬೆರಳು ನೋಯುತ್ತದೆಂದು ಮುದ್ದೆ ಮುರಿಯಲೂ ಹಿಂಜರಿಯುತ್ತಿದ್ದಳು. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೇವರನ್ನು ಕುರುಬನೆಂದು ಹಾಡುವ 23ನೆಯ ಕೀರ್ತನೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ ಅದೇ ಮಗು, ಕುರುಬ ಎಂದರೆ ಯಾರು ಎಂದು ನಾನು ಕೇಳಿದಾಗ ಸುಮ್ಮನೆ ನಿಂತಿತು. ಸಂಜೆಯಾದರೆ ಕುರಿ ಮಂದೆ ಹಾದುಹೋಗುವುದು ನಮ್ಮ ಬಾಗಿಲ ಮುಂದೆಯೇ. ಮರುದಿನ ಅವಳನ್ನು ಆ ಮಂದೆಯ ಹಿಂದೆ ಕೆರೆ ಏರಿಯವರೆಗೆ ನಡೆಸಿಕೊಂಡು ಹೋದೆ. ಕುಂಟುತ್ತಿದ್ದ ಮರಿಯೊಂದನ್ನು ಕುರಿ ಕಾಯುವವರು ಹೆಗಲ ಮೇಲೆ ಹಾಕಿಕೊಂಡಿದ್ದರು. ಆ ಕೀರ್ತನೆ ಅವಳಿಗೆ ಅರ್ಥವಾದದ್ದು ಅಂದೇ.

ಎಳೆಯ ಮಗುವಿಗೆ ಅಕ್ಷರವಾಗಲಿ, ಲೆಕ್ಕವಾಗಲಿ, ದೇವರ ವಾಕ್ಯವಾಗಲಿ, ಮೊದಲು ಕೈಗೆ ಸಿಗಬೇಕು, ಆಮೇಲೆ ಬಾಯಿಗೆ ಬರಬೇಕು ಎಂಬುದು ಅಂದಿನಿಂದ ನನ್ನ ದೃಢ ನಂಬಿಕೆ. ಇದು ನಾನು ಕಂಡುಹಿಡಿದದ್ದಲ್ಲ. ದೇವರ ಮಾತುಗಳನ್ನು ಮನೆಯಲ್ಲಿ ಕೂತಿರುವಾಗಲೂ ದಾರಿ ನಡೆಯುವಾಗಲೂ, ಮಲಗುವಾಗಲೂ ಏಳುವಾಗಲೂ ಮಕ್ಕಳಿಗೆ ಹೇಳಿಕೊಡಬೇಕೆಂದು ಸತ್ಯವೇದದ ಧರ್ಮೋಪದೇಶಕಾಂಡವೆಂಬ ಪುಸ್ತಕದ ಆರನೆಯ ಅಧ್ಯಾಯವೇ ತಂದೆತಾಯಿಗಳಿಗೆ ಆಜ್ಞಾಪಿಸುತ್ತದೆ. 1939ರಲ್ಲಿ ಭಾರತಕ್ಕೆ ಬಂದು, ಯುದ್ಧದ ಕಾರಣ 1946ರವರೆಗೆ ಇಲ್ಲೇ ಉಳಿದು, ಮದ್ರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟ ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸರಿ ಭಕ್ತ ಕ್ಯಾಥೊಲಿಕರಾಗಿದ್ದರು. ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಗು ಬೆರಳಾಡಿಸಿ ಕಲಿಯುವುದು ಅವರ ಪದ್ಧತಿ. ನಮ್ಮ ಅಜ್ಜಂದಿರು ಕೂಲಿ ಮಠದಲ್ಲಿ, ಅಂದರೆ ಹಿಂದಿನ ಕಾಲದ ಹಳ್ಳಿ ಶಾಲೆಯಲ್ಲಿ, ಮರಳಿನ ಮೇಲೆ ತಿದ್ದಿದ್ದೂ ಬೆರಳಿನಿಂದಲೇ. ನನ್ನ ಮಗಳು ಮೊರದಲ್ಲಿ ಹರಡಿದ ರಾಗಿಯ ಮೇಲೆ ತಿದ್ದುತ್ತಾಳೆ.

ಯೇಸುಸ್ವಾಮಿ ಹೇಳಿದ ಬಿತ್ತುವವನ ಸಾಮ್ಯವನ್ನು, ಅಂದರೆ ದೃಷ್ಟಾಂತಕಥೆಯನ್ನು, ನಾವು ಹೇಗೆ ಕಲಿತೆವೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬಿತ್ತಿದ ಬೀಜಗಳಲ್ಲಿ ದಾರಿಯ ಮೇಲೆ ಬಿದ್ದದ್ದನ್ನು ಹಕ್ಕಿಗಳು ತಿಂದವು, ಕಲ್ಲುನೆಲದಲ್ಲಿ ಬಿದ್ದದ್ದು ಬೇರಿಲ್ಲದೆ ಒಣಗಿತು, ಮುಳ್ಳುಗಿಡಗಳಲ್ಲಿ ಬಿದ್ದದ್ದನ್ನು ಅವು ಅಡಗಿಸಿದವು, ಒಳ್ಳೆಯ ನೆಲದಲ್ಲಿ ಬಿದ್ದದ್ದು ನೂರು, ಅರವತ್ತು, ಮೂವತ್ತರಷ್ಟು ಫಲ ಕೊಟ್ಟಿತು ಎಂಬುದು ಆ ಕಥೆ. ಅದಿರುವ ಮತ್ತಾಯನ ಸುವಾರ್ತೆಯ ಹದಿಮೂರನೆಯ ಅಧ್ಯಾಯವನ್ನು ಓದಿ ಹೇಳಿದ ಮೇಲೆ ನಾಲ್ಕು ಹಳೆಯ ಡಬ್ಬಿಗಳನ್ನು ತೆಗೆದುಕೊಂಡೆವು. ಒಂದರಲ್ಲಿ ಕಾಲುದಾರಿಯ ಗಟ್ಟಿ ಮಣ್ಣನ್ನು ತುಳಿದು ತುಂಬಿದಳು, ಇನ್ನೊಂದರಲ್ಲಿ ಜಲ್ಲಿಕಲ್ಲು, ಮೂರನೆಯದರಲ್ಲಿ ಕಳೆಗಿಡಗಳನ್ನು ಬೇರುಸಹಿತ ನೆಟ್ಟಳು, ನಾಲ್ಕನೆಯದರಲ್ಲಿ ಗೊಬ್ಬರ ಬೆರೆಸಿದ ಕೆಂಪು ಮಣ್ಣು. ನಾಲ್ಕಕ್ಕೂ ಒಂದೊಂದು ಚಿಟಿಕೆ ರಾಗಿ. ಮೊದಲನೆಯ ಡಬ್ಬಿಯ ಕಾಳನ್ನು ಹಕ್ಕಿಗೆ ಬದಲು ಇರುವೆಗಳು ಹೊತ್ತವು. ಜಲ್ಲಿಕಲ್ಲಿನ ನಡುವೆ ಬಂದ ಮೊಳಕೆಯನ್ನು ಅವಳೇ ಬಗ್ಗಿ ನೋಡಿ, "ಅಮ್ಮಾ, ಇದಕ್ಕೆ ಬೇರು ಹೋಗೋಕೆ ಜಾಗಾನೇ ಇಲ್ಲ" ಎಂದಳು. ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ. ಮೂವತ್ತು, ಅರವತ್ತು, ನೂರರಷ್ಟು ಫಲವೆಂಬುದಕ್ಕೆ ಹೊಲದಿಂದ ಒಂದು ತೆನೆ ತಂದುಕೊಟ್ಟೆ. ಹತ್ತು ಹತ್ತರ ಗುಡ್ಡೆ ಮಾಡುತ್ತಾ ನೂರು ಎಣಿಸಿದಳು. ತೆನೆಯ ಒಂದು ಕವಲೂ ಮುಗಿದಿರಲಿಲ್ಲ. ಯೇಸುಸ್ವಾಮಿ ಕಡಿಮೆ ಯಾಕೆ ಹೇಳಿದರು ಎಂದು ಕೇಳಿದಾಗ, ಆ ನಾಡಿನಲ್ಲಿ ಬಿತ್ತುತ್ತಿದ್ದದ್ದು ಗೋಧಿ, ಜವೆಗೋಧಿ ಎಂದು ತಿಳಿಸಿದೆ.

ಆದರೆ ಎಲ್ಲದಕ್ಕೂ ಒಂದು ವಾಕ್ಯವನ್ನು ಅಂಟಿಸುವುದು ತಪ್ಪೆಂಬುದನ್ನೂ ಕಲಿತಿದ್ದೇನೆ. ಪಕ್ಕದ ಮನೆಯ ಅಣ್ಣನವರು ರೇಷ್ಮೆಹುಳು ಸಾಕುವ ಹುಳುಮನೆಗೆ ಅವಳನ್ನು ಕಳಿಸುತ್ತಿದ್ದೆ. ಕೈತೊಳೆದು, ಚಪ್ಪಲಿ ಹೊರಗೆ ಬಿಟ್ಟು ಹೋಗಿ, ನಾಲ್ಕು ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದು ಹುಳು ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆಯೆಂಬ ತಟ್ಟೆ ಹತ್ತುವವರೆಗೂ ನೋಡಿದಳು. ಗೂಡಿನಿಂದ ಚಿಟ್ಟೆ ಹೊರಬರುವುದನ್ನು ಪುನರುತ್ಥಾನಕ್ಕೆ ಹೋಲಿಸಬೇಕೆಂದು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಅವಳು, "ಮಾರ್ಕೆಟ್ಟಿಗೆ ಹೋದ ಗೂಡುಗಳ ಒಳಗಿನ ಹುಳ ಏನಾಗುತ್ತೆ?" ಎಂದಳು. ಬಿಸಿ ಮಾಡಿ ಸಾಯಿಸಿದರೆ ಮಾತ್ರ ನೂಲು ತುಂಡಾಗದೆ ಬಿಚ್ಚುತ್ತದೆ ಎಂಬ ನಿಜವನ್ನೇ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಅಂದು ಪಾಠವನ್ನು ಅಲ್ಲಿಗೇ ಬಿಟ್ಟೆ. ಮಗುವಿನ ದುಃಖವನ್ನು ಉಪದೇಶವನ್ನಾಗಿ ಮಾಡುವ ಹಕ್ಕು ನನಗಿಲ್ಲ.

ಕಾನೂನಿನ ವಿಷಯವನ್ನು ಹಲವರು ಕೇಳುತ್ತಾರೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ. ನಮ್ಮ ಮಗಳು ಆರು ತುಂಬಿದ ಮೇಲೆ ಜೂನ್‌ನಲ್ಲಿ ಸರ್ಕಾರಿ ಕನ್ನಡ ಶಾಲೆಗೆ ಸೇರುತ್ತಾಳೆ. ಮನೆಪಾಠದಲ್ಲಿ ದೊಡ್ಡ ಕೊರತೆಯೆಂದರೆ ಜೊತೆಗಾರರದು. ಅದನ್ನು ತಾಯಿ ಎಷ್ಟು ಶ್ರಮಪಟ್ಟರೂ ತುಂಬಲಾಗದು. ಇದು ಎಲ್ಲರಿಂದಲೂ ಆಗುವ ಕೆಲಸವೂ ಅಲ್ಲ. ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತುವ ತಾಯಿಗೆ, ಮನೆಯಲ್ಲೇ ಕಲಿಸು ಎಂದು ಹೇಳುವಷ್ಟು ನಿಷ್ಠುರಳು ನಾನಲ್ಲ.

ಶಾಲೆ ಶುರುವಾಗುವವರೆಗೆ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಹಿತ್ತಲಲ್ಲಿ ಇಂಥ ಪಾಠ ನಡೆಸಬೇಕೆಂದಿದ್ದೇನೆ. ಸಭೆಯವರಾಗಲಿ ಬೀದಿಯವರಾಗಲಿ, ನಾಲ್ಕರಿಂದ ಆರು ವರ್ಷದ ಮಕ್ಕಳನ್ನು ಕಳಿಸುವ ಮನಸ್ಸಿದ್ದರೆ ನನಗೆ ತಿಳಿಸಿ. ಸತ್ಯವೇದದ ಕಥೆ ಹೇಳುತ್ತೇನೆಂಬುದನ್ನು ಮೊದಲೇ ತಿಳಿಸಿದ್ದೇನೆ; ಒಪ್ಪಿಗೆಯಿದ್ದವರು ಮಾತ್ರ ಕಳಿಸಿ. ಮಗುವಿನ ಜೊತೆ ಒಂದು ಹಳೆಯ ಡಬ್ಬಿ ಕೊಟ್ಟು ಕಳಿಸಿದರೆ ಸಾಕು.