ಸರಿ ಗಟ್ಟಿಗಿರಲಿ, ಬೆಲ್ಲ ಬೇಡ

ಮಂಡ್ಯ, ಮೈಸೂರು ಕಡೆ ಆರು ತಿಂಗಳು ತುಂಬಿದ ಮಗುವಿಗೆ ಮೊದಲು ತಿನ್ನಿಸೋದು ರಾಗಿ ಸರಿ, ಅಂದರೆ ರಾಗಿ ಹಿಟ್ಟಿನ ಗಂಜಿ. ಒಳ್ಳೇದೇ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೂ ಎಷ್ಟೋ ಮಕ್ಕಳ ತೂಕ ಎಂಟನೇ ತಿಂಗಳ ಹೊತ್ತಿಗೆ ನಿಂತುಬಿಡುತ್ತೆ. ತಪ್ಪು ರಾಗಿಯದ್ದಲ್ಲ, ನೀರಿನದ್ದು.

"ಮಗೀಗೆ ಅರಗಲ್ಲ ಕಣವ್ವ, ತೆಳ್ಳಗೆ ಮಾಡು" ಅಂತ ಹಿರಿಯರು ಹೇಳ್ತಾರೆ. 7-8 ಕೆಜಿ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯೋದು ಹೆಚ್ಚೆಂದರೆ 200-250 ಮಿಲಿ. ಅದರಲ್ಲಿ ಬಹುಪಾಲು ನೀರೇ ಆದರೆ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಚಮಚ ಓರೆ ಮಾಡಿದರೆ ಸರಿ ಸುರಿಯಬಾರದು, ನಿಧಾನಕ್ಕೆ ಜಾರಬೇಕು. ಬಾಟಲಿಯಲ್ಲಿ ಕುಡಿಸೋ ಸರಿ ಸರಿಯೇ ಅಲ್ಲ.

ಗಟ್ಟಿ ಮಾಡಿದರೆ ಅಂಟಂಟಾಗಿ ಮಗು ನುಂಗಲ್ಲ ಅನ್ನೋದು ನಿಜ. ಅದಕ್ಕೇ ಮೊಳಕೆ. ಮೊಳೆತ ರಾಗಿಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹುಟ್ಟಿ ಆ ಅಂಟನ್ನು ಮುರಿಯುತ್ತೆ. ಹಿಟ್ಟು ಹೆಚ್ಚು ಹಾಕಿದರೂ ಸರಿ ಮೆತ್ತಗಿರುತ್ತೆ. ಕಬ್ಬಿಣಾಂಶವನ್ನು ಕಟ್ಟಿಹಾಕೋ ಫೈಟಿಕ್ ಆಮ್ಲವೂ ತಗ್ಗುತ್ತೆ. ಅರ್ಧ ಕೆಜಿ ರಾಗಿಯನ್ನು ಕಲ್ಲು ತೆಗೆದು, ತೊಳೆದು, ರಾತ್ರಿಯಿಡೀ ನೆನೆಸಿ. ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿಡಿ. ಒಂದೂವರೆ ದಿನದೊಳಗೆ ಬಿಳಿ ಮೊಳಕೆ ಇಣುಕುತ್ತೆ, ಅಷ್ಟು ಸಾಕು. ಲೋಳೆ ಬಂದರೆ, ಮುಗ್ಗಲು ವಾಸನೆ ಹೊಡೆದರೆ ಪೂರ್ತಿ ಎಸೆಯಿರಿ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಘಮ ಬರಲಿ ಅಂತ ಕೆಂಪಗೆ ಹುರಿದರೆ ಕಿಣ್ವ ಸತ್ತೇ ಹೋಗುತ್ತೆ. ಬಹಳ ಮನೆಗಳಲ್ಲಿ ಆಗೋ ತಪ್ಪು ಇದೇ. ಮಿಲ್ಲಿನಲ್ಲಿ ಹಿಂದಿನವರು ಮೆಣಸಿನಪುಡಿ ಮಾಡಿಸಿದ್ದರಾ ಅಂತ ಕೇಳಿಯೇ ಕೊಡಿ.

ಎರಡು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಬಿಡದೆ ತಿರುಗಿಸುತ್ತಾ ಚೆನ್ನಾಗಿ ಕುದಿಸಿ, ಇಳಿಸಿದ ಮೇಲೆ ಒಂದು ಚಮಚ ತುಪ್ಪ ಹಾಕಿ. ಆ ತುಪ್ಪವೊಂದೇ ಸುಮಾರು 45 ಕ್ಯಾಲೊರಿ. ಮೊದಲು ಎರಡು-ಮೂರು ಚಮಚ ತಿನ್ನಿಸಿ, ಬರಬರುತ್ತಾ ಅರ್ಧ ಬಟ್ಟಲಿಗೆ ಏರಿಸಿ, ದಿನಕ್ಕೆ ಎರಡು-ಮೂರು ಸಲ. ಎದೆಹಾಲು ನಿಲ್ಲಿಸೋದು ಬೇಡ.

ಬೆಲ್ಲದ ಸೀಮೆಯಲ್ಲಿ ನಿಂತು ಹೇಳೋದು ಕಷ್ಟ, ಆದರೂ ಹೇಳಲೇಬೇಕು: ಎರಡು ವರ್ಷದವರೆಗೆ ಬೆಲ್ಲವೂ ಬೇಡ, ಸಕ್ಕರೆಯೂ ಬೇಡ. ಬೆಲ್ಲದಿಂದ ರಕ್ತ ಆಗುತ್ತೆ ಅಂತ ನಂಬಿ ಕೂರಬೇಡಿ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸೋದಂತೂ ಅಪಾಯ. ಮನೆಯಲ್ಲೇ ಹಸು ಇದ್ದರೂ ಮೊದಲ ವರ್ಷ ಹಸುವಿನ ಹಾಲೇ ಊಟ ಆಗಬಾರದು, ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ.

ತಾಯಿಯಿಂದ ಬಂದ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಕರಗಿರುತ್ತೆ. ಮಿದುಳು ಭರದಿಂದ ಬೆಳೆಯೋದೂ ಆಗಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ಬಸ್ಸಾರಿಗೆ ಬಸಿದ ಕಟ್ಟನ್ನು ಮಗುವಿಗೆ ಕುಡಿಸಿ, ಬೇಳೆ ಸೊಪ್ಪನ್ನು ದೊಡ್ಡವರು ಪಲ್ಯ ಮಾಡ್ಕೊಂಡು ತಿಂದರೆ ಸತ್ವ ಹೋಗಿದ್ದು ಯಾರ ಹೊಟ್ಟೆಗೆ? ಖಾರ, ಒಗ್ಗರಣೆ ಬೀಳೋ ಮೊದಲೇ ಬೆಂದ ಬೇಳೆ, ಸೊಪ್ಪು ಎತ್ತಿಟ್ಟು, ಕಿವುಚಿ, ಎರಡು ಹನಿ ನಿಂಬೆರಸ ಹಿಂಡಿ ತಿನ್ನಿಸಿ. ಪೂರ್ತಿ ಬೆಂದ ಮೊಟ್ಟೆ, ತಿನ್ನೋ ಮನೆಯಾದರೆ ಚೂರು ಕೋಳಿ ಲಿವರ್ ಕೂಡ ಕೊಡಬಹುದು. ಸರ್ಕಾರದಿಂದ ಆಶಾ ಕಾರ್ಯಕರ್ತೆ ಕೊಡೋ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ, 1 ಮಿಲಿಯಂತೆ ಹಾಕಿ. ಮಲ ಕಪ್ಪಗಾಯ್ತು ಅಂತ ಗಾಬರಿಯಾಗಿ ನಿಲ್ಲಿಸಬೇಡಿ, ಕಬ್ಬಿಣಾಂಶ ಒಳಗೆ ಹೋದಾಗ ಹಾಗಾಗೋದು ಸಹಜ.